ಕೂಸು ಹುಟ್ಟುವ ಮುಂಚೆಯೇ ಕುಲಾವಿ: ಟ್ರೇಲರಿನ ಆಟ, ಕೈಗೆ ಸಿಕ್ಕ ಆಟ

ಮುಂದಿನ ಸಲ ಯಾವುದಾದರೂ ದೊಡ್ಡ ವಿಡಿಯೋ ಗೇಮಿನ ಟ್ರೇಲರ್ ನೋಡುವಾಗ ಮಧ್ಯದಲ್ಲಿ ಒಮ್ಮೆ ನಿಲ್ಲಿಸಿ. ಹೀರೋನ ಮುಖ ಬಿಡಿ, ಸ್ಫೋಟ ಬಿಡಿ. ಪರದೆಯ ಕೆಳಗಿನ ಮೂಲೆ ನೋಡಿ. ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ‘ಇದು ಆಟದ ನಿಜವಾದ ದೃಶ್ಯವಲ್ಲ’ ಅಂತಲೋ, ‘ಗೇಮ್ ಎಂಜಿನ್‌ನಲ್ಲಿ ಸೆರೆಹಿಡಿದದ್ದು’ ಅಂತಲೋ, ‘ಕೆಲಸ ಇನ್ನೂ ನಡೆಯುತ್ತಿದೆ’ ಅಂತಲೋ. ಎರಡು ಸೆಕೆಂಡ್ ಇದ್ದು ಮಾಯವಾಗುತ್ತದೆ. ಆಮೇಲೆ ನಡೆಯುವ ಜಗಳವೆಲ್ಲ ಆ ಸಾಲಿನ ಸುತ್ತಲೇ.

ಮೂರೂ ಹೆಚ್ಚುಕಡಿಮೆ ಒಂದೇ ಮಾತು ಅನ್ನಿಸುತ್ತದೆ, ಅಲ್ವಾ? ಅಲ್ಲ. ಮೊದಲನೆಯದು ಸಿಜಿ, ಅಂದರೆ ಕಂಪ್ಯೂಟರ್ ಗ್ರಾಫಿಕ್ಸ್ ಟ್ರೇಲರಿನದು. ಅನಿಮೇಷನ್ ಸಿನಿಮಾ ಮಾಡುವ ಹಾಗೆ, ಎಷ್ಟೋ ಸಲ ಬೇರೊಂದು ಸ್ಟುಡಿಯೋ ಕೂತು ಮಾಡಿಕೊಟ್ಟ ಕಿರುಚಿತ್ರ ಅದು. ಅದರಲ್ಲಿ ಆಟದ ಒಂದು ಸಾಲು ಕೋಡ್ ಕೂಡ ಇರಬೇಕಾಗಿಲ್ಲ. ಎರಡನೆಯದು ಜಾಣತನದ ಮಾತು. ಆಟ ಕಟ್ಟುವ ಸಾಫ್ಟ್‌ವೇರಿನಲ್ಲೇ ಈ ದೃಶ್ಯ ಮೂಡಿದೆ ಅನ್ನುವುದು ನಿಜ. ಆದರೆ ಅಲ್ಲಿ ಯಾರೂ ಆಡುತ್ತಿರಬೇಕಿಲ್ಲ. ಕ್ಯಾಮೆರಾ ಎಲ್ಲಿಂದ ಎಲ್ಲಿಗೆ ಹೋಗಬೇಕು, ಶತ್ರು ಯಾವಾಗ ಬೀಳಬೇಕು, ಎಲ್ಲ ಮೊದಲೇ ಬರೆದಿಟ್ಟಿರಬಹುದು. ಒಂದೊಂದು ಫ್ರೇಮನ್ನೂ ನಿಧಾನವಾಗಿ ಮೂಡಿಸಿ, ಆಮೇಲೆ ಜೋಡಿಸಿ ಓಡಿಸಿರಲೂಬಹುದು. ಮೂರನೆಯದರ ಕಥೆ ಮುಂದೆ ಬರುತ್ತದೆ.

ಈ ‘ನಿಧಾನವಾಗಿ’ ಅನ್ನುವುದರಲ್ಲೇ ಅರ್ಧ ಗುಟ್ಟಿದೆ. ನೀವು ಆಡುವಾಗ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರ, ಸೆಕೆಂಡಿಗೆ 30 ಚಿತ್ರ ತೋರಿಸುತ್ತಿದೆ ಅಂದುಕೊಳ್ಳಿ. ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡ್. 60 ಚಿತ್ರ ಬೇಕಾದರೆ 16 ಚಿಲ್ಲರೆ. ಅಷ್ಟರೊಳಗೆ ಬೆಳಕು, ನೆರಳು, ಹೊಗೆ, ಶತ್ರುವಿನ ಬುದ್ಧಿ, ನೀವು ಒತ್ತಿದ ಬಟನ್, ಎಲ್ಲದರ ಲೆಕ್ಕ ಮುಗಿಯಬೇಕು. ಸಿಜಿಗೆ ಈ ಗಡಿಯಾರವೇ ಇಲ್ಲ. ಒಂದು ಫ್ರೇಮಿಗೆ ಗಂಟೆಗಟ್ಟಲೆ ತೆಗೆದುಕೊಂಡರೂ ಕೇಳುವವರಿಲ್ಲ. ಅದಕ್ಕೇ ಟ್ರೇಲರಿನ ಹೊಗೆ ಹೊಗೆಯ ಹಾಗೇ ಇರುತ್ತದೆ, ಕೈಗೆ ಬಂದ ಆಟದ ಹೊಗೆ ಬೂದು ಬಣ್ಣದ ಹತ್ತಿಯ ಹಾಗಿರುತ್ತದೆ.

ಫೋಟೋಗಳಲ್ಲೂ ಇದೇ ಕಥೆ. ಆಟದ ದೃಶ್ಯವನ್ನು ಯಾವ ಕನ್ಸೋಲೂ ತೋರಿಸಲಾರದಷ್ಟು ದೊಡ್ಡ ರೆಸಲ್ಯೂಷನ್‌ನಲ್ಲಿ ತೆಗೆದು, ಕುಗ್ಗಿಸಿ, ಅಂಚುಗಳನ್ನೆಲ್ಲ ನುಣ್ಣಗೆ ಮಾಡಿ ‘ಸ್ಕ್ರೀನ್‌ಶಾಟ್’ ಅಂತ ಹಂಚುತ್ತಾರೆ. ಆಟಗಾರರು ಇದಕ್ಕೆ ‘ಬುಲ್‌ಶಾಟ್’ ಅಂತ ಹೆಸರಿಟ್ಟು ಬಹಳ ವರ್ಷವಾಯಿತು.

ಇಷ್ಟೇ ಆಗಿದ್ದರೆ ಎಲ್ಲ ಜಾಹೀರಾತುಗಳ ಹಾಗೆ ಇದೂ ಒಂದು ಅಂತ ಸುಮ್ನಿರಬಹುದಿತ್ತು. ಗೇಮಿನ ವಿಷಯದಲ್ಲಿ ಬೇರೊಂದು ವಿಚಿತ್ರ ಇದೆ. ಜಾಹೀರಾತು ತಯಾರಾಗುವ ಹೊತ್ತಿಗೆ ಎಷ್ಟೋ ಸಲ ಮಾಲೇ ಇರುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಗಾದೆ ನಮಗೆ ಗೊತ್ತು. ಇಲ್ಲಿ ಆ ಕುಲಾವಿಯನ್ನು ಊರಿಗೆಲ್ಲ ತೋರಿಸಿ, ದುಡ್ಡೂ ವಸೂಲಿ ಮಾಡಿ, ಆಮೇಲೆ ಅದರ ಅಳತೆಗೆ ಕೂಸು ಹೆರಬೇಕು.

ಟ್ರೇಲರನ್ನು ಬೆನ್ನಟ್ಟಿದ ಆಟ

ಇದರ ಹಳೆಯ, ದೊಡ್ಡ ಉದಾಹರಣೆ ‘ಕಿಲ್‌ಜೋನ್ 2’. 2005ರ ಮೇ ತಿಂಗಳು, ಆಗ ಅಮೆರಿಕದಲ್ಲಿ ನಡೆಯುತ್ತಿದ್ದ ದೊಡ್ಡ ವಿಡಿಯೋ ಗೇಮ್ ಮೇಳ ಇ3ಯ ಹೊತ್ತು. ಸೋನಿ ತನ್ನ ಪ್ಲೇಸ್ಟೇಷನ್ 3 ಅನ್ನು ಮೊದಲ ಬಾರಿ ಜಗತ್ತಿಗೆ ಪರಿಚಯಿಸುತ್ತಿತ್ತು. ಆ ವೇದಿಕೆಯಲ್ಲಿ ಓಡಿದ ವಿಡಿಯೋದಲ್ಲಿ ಸೈನಿಕರು ಹಾರುವ ವಾಹನದಿಂದ ಇಳಿದು ಗುಂಡಿನ ಮಳೆಯೊಳಗೆ ನುಗ್ಗುತ್ತಾರೆ. ಮುಖದ ಭಾವ, ಧೂಳು, ಬೆಂಕಿ, ಎಲ್ಲವೂ ಆ ಕಾಲಕ್ಕೆ ನಂಬಲಾಗದಷ್ಟು ಚೆನ್ನಾಗಿದ್ದವು. ನಂಬಲಾಗದ್ದು ಯಾಕೆಂದರೆ ಅದು ಆಟವೇ ಆಗಿರಲಿಲ್ಲ. ಕನ್ಸೋಲ್ ಅಂಗಡಿಗೆ ಬರಲು ಇನ್ನೂ ಒಂದೂವರೆ ವರ್ಷ ಇತ್ತು. ಆಟ ಕಟ್ಟಬೇಕಿದ್ದದ್ದು ನೆದರ್‌ಲ್ಯಾಂಡ್ಸ್‌ನ ಗೆರಿಲ್ಲಾ ಗೇಮ್ಸ್. ವಿಡಿಯೋ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿದ್ದ ಆಕ್ಸಿಸ್ ಅನಿಮೇಷನ್.

ಈ ಕಸುಬಿನವರು ಇದನ್ನು ‘ಟಾರ್ಗೆಟ್ ರೆಂಡರ್’ ಅನ್ನುತ್ತಾರೆ. ನಮ್ಮ ಆಟ ಕೊನೆಗೆ ಹೀಗೆ ಕಾಣಬೇಕು ಅಂತ ತಂಡ ತನಗೆ ತಾನೇ ಇಟ್ಟುಕೊಳ್ಳುವ ಗುರಿ. ಸ್ಟುಡಿಯೋದ ಒಳಗಿನ ಗೋಡೆಗೆ ಅಂಟಿಸಿಕೊಳ್ಳಲು ಅದು ಒಳ್ಳೆಯ ಚಿತ್ರ. ಅದನ್ನೇ ಅಂಗಡಿಯ ಹೊರಗೆ ಬೋರ್ಡ್ ಮಾಡಿ ನೇತುಹಾಕಿದರು. ಸೋನಿಯ ಕಡೆಯವರೊಬ್ಬರು ಟಿವಿ ಸಂದರ್ಶನದಲ್ಲಿ ಇದು ನಿಜವಾದ ಆಟದ ದೃಶ್ಯ ಎಂದೂ ಹೇಳಿಬಿಟ್ಟರು. ನಿಜವಾದ ಆಟ ಜನರ ಕಣ್ಣಿಗೆ ಬಿದ್ದದ್ದು 2007ರಲ್ಲಿ, ಮಾರಾಟಕ್ಕೆ ಬಂದದ್ದು 2009ರ ಫೆಬ್ರವರಿಯಲ್ಲಿ. ಸುಮಾರು ನಾಲ್ಕು ವರ್ಷ ಗೆರಿಲ್ಲಾದವರು ತಾವು ಮಾಡದ ಒಂದು ವಿಡಿಯೋ ಹಿಂದೆ ಓಡಿದರು. ಪಾಪ, ಸಾಕಷ್ಟು ಹತ್ತಿರಕ್ಕೂ ಹೋದರು. ವಿಮರ್ಶಕರು ಆಟವನ್ನು ಹೊಗಳಿದರು.

ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಬಯೋವೇರ್ ಸ್ಟುಡಿಯೋದ ‘ಆ್ಯಂಥಮ್’ ಕಥೆ ಕೇಳಿ. 2017ರ ಇ3ಯಲ್ಲಿ ಹಾರುವ ಕವಚ ತೊಟ್ಟ ಯೋಧರು ಹಸಿರು ಕಾಡಿನ ಮೇಲೆ ಧುಮುಕುವ ವಿಡಿಯೋ ಬಂತು. ನೋಡಿದವರೆಲ್ಲ ಬೆರಗಾದರು. ಆಟ 2019ರ ಫೆಬ್ರವರಿಯಲ್ಲಿ ಬಂದಾಗ ಬೆರಗು ಇಳಿದಿತ್ತು. ಎರಡು ತಿಂಗಳ ಬಳಿಕ ಗೇಮ್ ಸುದ್ದಿಯ ಜಾಲತಾಣ ಕೊಟಾಕುವಿನ ವರದಿ ಒಳಗಿನ ಸಂಗತಿ ಹೊರಗಿಟ್ಟಿತು. ಆಟಕ್ಕೆ ಮೊದಲು ಇಟ್ಟ ಹೆಸರು ‘ಬಿಯಾಂಡ್’. ಆ ಹೆಸರಿನ ಟೀ ಶರ್ಟ್‌ಗಳನ್ನೂ ಹೊಡೆಸಿದ್ದರು. ಮೇಳಕ್ಕೆ ಕೆಲವೇ ದಿನ ಇರುವಾಗ ಹೆಸರಿನ ಹಕ್ಕು ಸಿಗುವುದು ಕಷ್ಟ ಅಂತ ತಿಳಿದು ‘ಆ್ಯಂಥಮ್’ ಅಂತ ಬದಲಾಯಿಸಿದರು. ಹಾರಾಟವನ್ನು ಆಟದಲ್ಲಿ ಇಡಬೇಕೋ ಬೇಡವೋ ಅನ್ನುವುದೇ ಬಹಳ ಕಾಲ ತೀರ್ಮಾನವಾಗಿರಲಿಲ್ಲ. ತಾವು ಮಾಡುತ್ತಿರುವುದು ಎಂಥ ಆಟ ಅಂತ ತಂಡದ ಎಷ್ಟೋ ಜನರಿಗೆ ಗೊತ್ತಾದದ್ದು ಆ ವಿಡಿಯೋ ನೋಡಿದ ಮೇಲೆ.

ನನ್ನ ಮಟ್ಟಿಗೆ ಈ ಇಡೀ ವಿಷಯಕ್ಕೆ ಬೀಗದ ಕೈ ಇದೇ. ಟ್ರೇಲರ್ ಆಟದ ಸಾರಾಂಶ ಅಂತ ನಾವು ತಿಳಿದಿರುತ್ತೇವೆ. ಒಳಗಿನವರಿಗೆ ಅದು ಮಾಡಬೇಕಾದ ಕೆಲಸದ ಪಟ್ಟಿ. ಹಾಗಾದರೆ ಸುಳ್ಳು ಹೇಳಿದವರು ಯಾರು? ವಿಡಿಯೋ ಮಾಡಿದವರಿಗೆ ಆಟ ಹಾಗೇ ಬರುತ್ತದೆ ಅನ್ನುವ ನಂಬಿಕೆ ಇದ್ದಿರಬಹುದು. ಆ ನಂಬಿಕೆಯನ್ನು ಆಗಿಹೋದ ಸಂಗತಿಯ ಹಾಗೆ ಮಾರಿದ ಕಡೆ ಸುಳ್ಳು ಹುಟ್ಟುತ್ತದೆ.

ತುಂಡು ಕೇಕು ಮತ್ತು ಡೌನ್‌ಗ್ರೇಡ್

ಟಾರ್ಗೆಟ್ ರೆಂಡರ್‌ಗಿಂತ ಸ್ವಲ್ಪ ಪ್ರಾಮಾಣಿಕವಾದದ್ದು ‘ವರ್ಟಿಕಲ್ ಸ್ಲೈಸ್’. ಕೇಕನ್ನು ಮೇಲಿಂದ ಕೆಳಗೆ ಒಂದು ತುಂಡು ಕತ್ತರಿಸಿದರೆ ಎಲ್ಲ ಪದರಗಳೂ ಅದರಲ್ಲಿ ಕಾಣುತ್ತವಲ್ಲ, ಹಾಗೆ. ಇಡೀ ಆಟ ಇನ್ನೂ ಕಚ್ಚಾ ಇರುವಾಗಲೇ ಹತ್ತಿಪ್ಪತ್ತು ನಿಮಿಷದ ಒಂದು ಭಾಗವನ್ನು ಮಾತ್ರ ತಿದ್ದಿ ತೀಡಿ ಪೂರ್ತಿ ಮಾಡುತ್ತಾರೆ. ಅದನ್ನು ನಿಜವಾಗಿಯೂ ಆಡಬಹುದು. ಕೈಯಲ್ಲಿ ಕಂಟ್ರೋಲರ್ ಇರುತ್ತದೆ. ಆದರೆ ಬಲಕ್ಕೆ ತಿರುಗಬೇಕಾದ ಕಡೆ ಎಡಕ್ಕೆ ತಿರುಗಿದರೆ ಅಲ್ಲಿ ಏನೂ ಇರುವುದಿಲ್ಲ. ಕೇಕಿನ ಉಳಿದ ಭಾಗ ಇನ್ನೂ ಹಿಟ್ಟಿನ ಚೀಲದಲ್ಲೇ ಇದೆ.

2012ರ ಇ3ಯಲ್ಲಿ ಯೂಬಿಸಾಫ್ಟ್ ತೋರಿಸಿದ ‘ವಾಚ್ ಡಾಗ್ಸ್’ ನೋಡಿ. ಗಾಳಿಗೆ ಹಾರುವ ಕೋಟು, ಒದ್ದೆ ರಸ್ತೆಯಲ್ಲಿ ಹೊಳೆಯುವ ದೀಪ. ಆ ಆಟ ಓಡಬೇಕಿದ್ದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡನ್ನೂ ಆಗ ಇನ್ನೂ ಘೋಷಿಸಿರಲಿಲ್ಲ. ತೋರಿಸಿದ್ದು ಪಿಸಿಯಲ್ಲಿ. 2014ರ ಮೇನಲ್ಲಿ ಆಟ ಬಂದಾಗ ರಸ್ತೆಯ ಹೊಳಪು ಮಂಕಾಗಿತ್ತು. ಜನ ಎರಡೂ ವಿಡಿಯೋ ಪಕ್ಕಪಕ್ಕ ಇಟ್ಟು ‘ಡೌನ್‌ಗ್ರೇಡ್’ ಅಂತ ಕೂಗಿದರು. ಮಜಾ ಆಮೇಲೆ ಶುರುವಾಯಿತು. ಮುಂದಿನ ತಿಂಗಳು ಒಬ್ಬ ಮಾಡರ್, ಅಂದರೆ ಆಟದ ಫೈಲುಗಳನ್ನು ಬಿಚ್ಚಿ ಬದಲಾಯಿಸುವ ಹವ್ಯಾಸಿ, ಹಳೆಯ ಗ್ರಾಫಿಕ್ಸ್ ಸೆಟ್ಟಿಂಗ್‌ಗಳು ಪಿಸಿ ಆವೃತ್ತಿಯೊಳಗೇ ಆಫ್ ಆಗಿ ಕೂತಿರುವುದನ್ನು ಪತ್ತೆ ಮಾಡಿದ. ಆನ್ ಮಾಡಿದರೆ ಹಳೆಯ ಹೊಳಪು ಅಷ್ಟಿಷ್ಟು ವಾಪಸ್ ಬಂತು. ಅವುಗಳಿಂದ ಆಟದ ಓಟಕ್ಕೂ ಸ್ಥಿರತೆಗೂ ತೊಂದರೆ, ಅದಕ್ಕೇ ತೆಗೆದೆವು ಅಂತ ಯೂಬಿಸಾಫ್ಟ್ ಹೇಳಿತು. ಅದರಲ್ಲಿ ಸ್ವಲ್ಪ ನಿಜವೂ ಇರಬೇಕು. ಒಂದು ಬೀದಿಗೆ ಹಚ್ಚಿದ ಬಣ್ಣವನ್ನು ಇಡೀ ನಗರಕ್ಕೆ ಹಚ್ಚಿದರೆ ಆ 33 ಮಿಲಿಸೆಕೆಂಡ್ ಸಾಲುವುದಿಲ್ಲ. ಆದರೆ ಅದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಬೇಕಿತ್ತು.

ಇದಕ್ಕಿಂತ ಕೆಟ್ಟ ಹೆಸರು ಪಡೆದದ್ದು ಸೆಗಾ ಮತ್ತು ಗೇರ್‌ಬಾಕ್ಸ್‌ನ ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’. 2011ರ ಡೆಮೋದಲ್ಲಿ ಕತ್ತಲು, ಬೆವರು, ಗೋಡೆಯ ಸಂದಿಯಿಂದ ಮೈಮೇಲೆ ಎರಗುವ ಏಲಿಯನ್‌ಗಳು. 2013ರ ಫೆಬ್ರವರಿಯಲ್ಲಿ ಬಂದ ಆಟದಲ್ಲಿ ಆ ಏಲಿಯನ್‌ಗಳು ದಾರಿ ತಪ್ಪಿದ ಕುರಿಗಳ ಹಾಗೆ ನೇರ ಎದುರಿಗೆ ಬಂದು ನಿಲ್ಲುತ್ತಿದ್ದವು. ಬ್ರಿಟನ್ನಿನ ಜಾಹೀರಾತು ನಿಗಾ ಸಂಸ್ಥೆ ಎಎಸ್‌ಎಗೆ ದೂರು ಹೋಯಿತು. ಟ್ರೇಲರ್‌ಗಳು ಅಂತಿಮ ಆಟವನ್ನು ಸರಿಯಾಗಿ ತೋರಿಸಿಲ್ಲ ಅಂತ ಒಪ್ಪಿದ ಸೆಗಾ, ಅವುಗಳಿಗೆ ಸಣ್ಣ ಅಕ್ಷರದ ಆ ಸಾಲನ್ನು ಸೇರಿಸಲು ಒಪ್ಪಿತು. ಅಮೆರಿಕದಲ್ಲಿ ಕೇಸೂ ಬಿತ್ತು. ಸೆಗಾ 12.5 ಲಕ್ಷ ಡಾಲರ್ ಕೊಟ್ಟು ಮುಗಿಸಿಕೊಳ್ಳಲು ಮುಂದಾಯಿತು.

ಇದೇ ಆಟದ ಇನ್ನೊಂದು ತುಣುಕು 2018ರಲ್ಲಿ ಸುದ್ದಿಯಾಯಿತು. ಪಿಸಿ ಆವೃತ್ತಿಯ ಸೆಟ್ಟಿಂಗ್ ಫೈಲ್ ಒಂದರಲ್ಲಿ ‘ಟೆದರ್’ ಅನ್ನುವ ಇಂಗ್ಲಿಷ್ ಪದದೊಳಗೆ ಒಂದು ‘ಎ’ ಅಕ್ಷರ ಜಾಸ್ತಿ ಸೇರಿಕೊಂಡಿತ್ತು. ಏಲಿಯನ್‌ಗಳು ಕೋಣೆಯ ಯಾವ ಜಾಗಕ್ಕೆ ಹೋಗಬೇಕು, ಎಲ್ಲಿಂದ ಸುತ್ತುವರಿಯಬೇಕು ಎಂದು ತಿಳಿಸುವ ಆದೇಶ ಅದು. ಕಾಗುಣಿತ ತಪ್ಪಿದ್ದರಿಂದ ಆದೇಶ ತಲುಪುತ್ತಲೇ ಇರಲಿಲ್ಲ. ನೋಟ್‌ಪ್ಯಾಡ್ ತೆರೆದು ಆ ಒಂದು ಅಕ್ಷರ ಅಳಿಸಿದರೆ ಏಲಿಯನ್‌ಗಳಿಗೆ ಕೊಂಚ ಬುದ್ಧಿ ಬರುತ್ತಿತ್ತು. ಐದು ವರ್ಷ ಜನ ‘ಮೋಸ’ ಅಂತ ಬೈದದ್ದರಲ್ಲಿ ಒಂದು ಪಾಲು ಬರೀ ಟೈಪಿಂಗ್ ತಪ್ಪು. ಎಲ್ಲ ಹಾಳು ಕೆಲಸದ ಹಿಂದೆಯೂ ಸಂಚು ಇರುತ್ತದೆ ಅನ್ನುವವರಿಗೆ ನಾನು ಈ ಕಥೆ ಹೇಳುತ್ತಿರುತ್ತೇನೆ.

ಅಂಗೈಯಲ್ಲಿ ಆಕಾಶ

ಚಿತ್ರ ಮಂಕಾದರೆ ಒಂದು ಥರ. ಹೇಳಿದ ಸಂಗತಿಯೇ ಆಟದಲ್ಲಿ ಇಲ್ಲದಿದ್ದರೆ? ‘ನೋ ಮ್ಯಾನ್ಸ್ ಸ್ಕೈ’ ಜಗಳ ಆ ಬಗೆಯದು. ಹಲೋ ಗೇಮ್ಸ್ ಅನ್ನುವ ಪುಟ್ಟ ಬ್ರಿಟಿಷ್ ತಂಡ 18ರ ಮುಂದೆ 18 ಸೊನ್ನೆ ಹಾಕಿದಷ್ಟು ಗ್ರಹಗಳಿರುವ ಆಟ ಮಾಡುತ್ತೇವೆ ಎಂದಿತು. ಸಂಖ್ಯೆ ಸುಳ್ಳಲ್ಲ. ಗ್ರಹಗಳನ್ನು ಯಾರೂ ಕೈಯಿಂದ ಮಾಡಿರಲಿಲ್ಲ, ಒಂದು ಗಣಿತ ಸೂತ್ರ ಅವುಗಳನ್ನು ಹುಟ್ಟಿಸುತ್ತಿತ್ತು. ತಂಡದ ಮುಖ್ಯಸ್ಥ ಶಾನ್ ಮರ್ರೇ ಸಂದರ್ಶನಗಳಲ್ಲಿ, ಅಪರೂಪಕ್ಕೆ ಬೇರೆ ಆಟಗಾರರು ಎದುರಾಗಬಹುದು ಎಂದೂ ಹೇಳಿದ್ದರು. 2016ರ ಆಗಸ್ಟ್‌ನಲ್ಲಿ ಆಟ ಬಿಡುಗಡೆಯಾದ ಹೊಸದರಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರು. ಒಬ್ಬರಿಗೊಬ್ಬರು ಕಾಣಲೇ ಇಲ್ಲ.

ಎಎಸ್‌ಎಗೆ 23 ದೂರು ಹೋದವು. ಅದೇ ನವೆಂಬರಿನಲ್ಲಿ ಬಂದ ತೀರ್ಪು ಕಂಪನಿಯ ಪರವಾಗಿತ್ತು. ಆಟದ ಗ್ರಹಗಳನ್ನು ಸೂತ್ರ ಹುಟ್ಟಿಸುವುದರಿಂದ ಟ್ರೇಲರಿನ ಪ್ರಾಣಿಯೇ ನಿಮಗೂ ಸಿಗಬೇಕಿಲ್ಲ, ಅಂಥದ್ದು ಸಿಗುವಂತಿದ್ದರೆ ಸಾಕು ಅನ್ನುವುದು ಅದರ ವಾದ. ಇಲ್ಲಿ ಗಮನಿಸಬೇಕಾದ್ದು ಬೇರೆ. ಸಂಸ್ಥೆ ನೋಡಿದ್ದು ಪಿಸಿ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಪುಟದಲ್ಲಿದ್ದ ವಿಡಿಯೋ, ಚಿತ್ರ, ಬರಹಗಳನ್ನು. ಜನರ ಸಿಟ್ಟು ಇದ್ದದ್ದು ಸಂದರ್ಶನಗಳ ಮಾತಿನ ಮೇಲೆ. ಬಾಯಲ್ಲಿ ಹೇಳಿದ್ದು ಜಾಹೀರಾತಿನ ಲೆಕ್ಕಕ್ಕೆ ಅಷ್ಟು ಸುಲಭವಾಗಿ ಬರುವುದಿಲ್ಲ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು.

ಹಲೋ ಗೇಮ್ಸ್ ಆಮೇಲೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡಿತು. 2018ರಲ್ಲಿ ಆಟಗಾರರು ಒಬ್ಬರನ್ನೊಬ್ಬರು ನೋಡುವಂತಾಯಿತು. ಅಪ್‌ಡೇಟ್‌ಗಳೆಲ್ಲ ಪುಕ್ಕಟೆ. ಈಗ ಜನ ಆ ಆಟವನ್ನು ಪ್ರೀತಿಸುತ್ತಾರೆ. ನನಗೆ ಇದರಲ್ಲಿ ಒಂದು ಕಿರಿಕಿರಿ ಇದೆ. ಈ ಸುಖಾಂತ ಕಥೆ ಉಳಿದವರಿಗೆ ನೆಪವಾಯಿತು. ಮೊದಲು ಮಾರಿ, ಆಮೇಲೆ ಸರಿ ಮಾಡಿದರೆ ನಡೆಯುತ್ತದೆ ಅಂತ.

‘ಸೈಬರ್‌ಪಂಕ್ 2077’ ನೋಡಿದರೆ ನಡೆಯುತ್ತದೆ ಅಂತಲೇ ಅನ್ನಿಸುತ್ತದೆ. 2018ರಲ್ಲಿ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 48 ನಿಮಿಷದ ಡೆಮೋ ಹೊರಬಿಟ್ಟಿತು. ಅದು ಹೆಚ್ಚುಕಡಿಮೆ ಪೂರ್ತಿ ನಕಲಿ ಅಂತ ಒಳಗಿನವರು ಹೇಳಿದ್ದಾಗಿ ಬ್ಲೂಮ್‌ಬರ್ಗ್ ಆಮೇಲೆ ವರದಿ ಮಾಡಿತು. ಸ್ಟುಡಿಯೋದ ಮುಖ್ಯಸ್ಥರು ಒಪ್ಪಲಿಲ್ಲ. ವಿಡಿಯೋ ಮೇಲೇ ‘ಕೆಲಸ ಇನ್ನೂ ನಡೆಯುತ್ತಿದೆ’ ಅಂತ ಬರೆದಿತ್ತಲ್ಲ ಅಂದರು. ಮತ್ತೆ ಅದೇ ಸಾಲು. 2020ರ ಡಿಸೆಂಬರಿನಲ್ಲಿ ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಪಿಸಿ ಆವೃತ್ತಿ ಮಾತ್ರ. ಹಳೆಯ ಕನ್ಸೋಲ್‌ಗಳಲ್ಲಿ ಆಟ ಕುಂಟುತ್ತಿರುವುದು ಕೊಂಡವರಿಗೇ ಮೊದಲು ಗೊತ್ತಾಯಿತು. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು ದುಡ್ಡು ವಾಪಸ್ ಕೊಡಲು ಶುರುಮಾಡಿತು. ಆಟ ಮತ್ತೆ ಅಲ್ಲಿಗೆ ಬಂದದ್ದು ಮುಂದಿನ ಜೂನ್‌ನಲ್ಲಿ. ಇಷ್ಟಾಗಿಯೂ ಬಿಡುಗಡೆಯಾದ ಮೊದಲ ಮೂರು ವಾರದಲ್ಲಿ 1 ಕೋಟಿ 37 ಲಕ್ಷ ಪ್ರತಿ ಮಾರಾಟವಾಗಿದ್ದವು. ಅದರಲ್ಲಿ ಸುಮಾರು 80 ಲಕ್ಷ, ಆಟ ಬರುವ ಮುಂಚೆಯೇ ದುಡ್ಡು ಕಟ್ಟಿದವರದು. ಹೂಡಿಕೆದಾರರು ಹಾಕಿದ ಕೇಸು ಮುಗಿದದ್ದು 18.5 ಲಕ್ಷ ಡಾಲರಿಗೆ. ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಟ್ರೇಲರಿಗೆ ಇಷ್ಟು ಶಕ್ತಿ ಬರುವುದು ಈ ಪ್ರೀ ಆರ್ಡರ್‌ನಿಂದ. ನೀವು ದುಡ್ಡು ಕೊಡುವ ಹೊತ್ತಿಗೆ ನಿಮ್ಮ ಹತ್ತಿರ ಇರುವ ಏಕೈಕ ಸಾಕ್ಷಿ ಮಾರುವವನೇ ಮಾಡಿದ ವಿಡಿಯೋ. ನಾನೂ ಒಮ್ಮೆ ಎರಡು ನಿಮಿಷದ ಟ್ರೇಲರನ್ನು ಏಳೆಂಟು ಸಲ ನೋಡಿ ದುಡ್ಡು ಕಟ್ಟಿದ್ದೆ. ಯಾವ ಆಟ ಅಂತ ಹೇಳುವುದಿಲ್ಲ, ಮಾನದ ಪ್ರಶ್ನೆ. ಟ್ರೇಲರಿನಲ್ಲಿ ನಾನು ಮೆಚ್ಚಿದ್ದು ಒಂದು ಹಾಡನ್ನು. ಅದು ಆಟದಲ್ಲಿ ಇರಲಿಲ್ಲ.

ಪೂರ್ತಿ ದಗಾ ಅನ್ನಿಸುವ ಪ್ರಕರಣಗಳೂ ಉಂಟು. ‘ದ ಡೇ ಬಿಫೋರ್’ ಎಷ್ಟೋ ತಿಂಗಳು ಸ್ಟೀಮ್‌ನಲ್ಲಿ ಜನ ಆಸೆಯಿಂದ ಕಾಯುವ ಆಟಗಳ ಪಟ್ಟಿಯ ತುದಿಯಲ್ಲಿತ್ತು. ವಿಶಾಲ ಜಗತ್ತು, ಒಟ್ಟಿಗೆ ಆಡುವ ಆಟಗಾರರ ದಂಡು ಅಂತ ಮೂಗಿಗೆ ತುಪ್ಪ ಸವರಿದ್ದೇ ಸವರಿದ್ದು. 2023ರ ಡಿಸೆಂಬರ್ 7ರಂದು ಬಂತು. ನಾಲ್ಕು ದಿನಕ್ಕೆ ಸ್ಟುಡಿಯೋ ತನ್ನ ಬಾಗಿಲು ಮುಚ್ಚುವುದಾಗಿ ಹೇಳಿತು. ಕೊಂಡವರಿಗೆ ದುಡ್ಡು ವಾಪಸ್ ಬಂತು.

ಟ್ರೇಲರ್ ಬಿಟ್ಟು ಯೂಟ್ಯೂಬ್‌ನವರನ್ನು ನಂಬೋಣ ಅಂದರೆ ಅಲ್ಲೂ ಸಣ್ಣ ಅಕ್ಷರವಿದೆ. ವಾರ್ನರ್ ಬ್ರದರ್ಸ್ 2014ರಲ್ಲಿ ‘ಶ್ಯಾಡೋ ಆಫ್ ಮೊರ್ಡೋರ್’ ಆಟಕ್ಕೆ ಯೂಟ್ಯೂಬರ್‌ಗಳಿಗೆ ದುಡ್ಡು ಕೊಟ್ಟು ವಿಡಿಯೋ ಮಾಡಿಸಿತ್ತು. ಆಟವನ್ನು ಹೊಗಳಬೇಕು, ದೋಷ ತೋರಿಸಬಾರದು ಅನ್ನುವುದು ಷರತ್ತು. ದುಡ್ಡು ಪಡೆದ ವಿಷಯ ಬರೆದಿತ್ತು, ಆದರೆ ವಿಡಿಯೋ ಕೆಳಗೆ ‘ಇನ್ನಷ್ಟು ತೋರಿಸಿ’ ಒತ್ತಿದರೆ ಮಾತ್ರ ಕಾಣುವ ಜಾಗದಲ್ಲಿ. 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇದನ್ನು ಹಿಡಿದು ಕಂಪನಿಯಿಂದ ಒಪ್ಪಂದ ಬರೆಸಿಕೊಂಡಿತು.

ಒಂದು ಮಾತು ಬಿಟ್ಟರೆ ಅನ್ಯಾಯವಾದೀತು. ಕೆಲವು ಸುಳ್ಳು ಆಟಗಾರನ ಒಳ್ಳೆಯದಕ್ಕೇ ಇರುತ್ತವೆ. 2001ರ ‘ಮೆಟಲ್ ಗೇರ್ ಸಾಲಿಡ್ 2’ ಟ್ರೇಲರ್‌ಗಳಲ್ಲಿ ಹಳೆಯ ನಾಯಕನನ್ನೇ ತೋರಿಸಿದ್ದರು. ಆಟ ಶುರುವಾದ ಸ್ವಲ್ಪ ಹೊತ್ತಿಗೆ ನಾಯಕ ಬದಲಾಗುತ್ತಾನೆ. ಆಗ ಜನ ಸಿಟ್ಟಾಗಿದ್ದರು, ನನಗಂತೂ ಅದು ಗಟ್ಟಿ ಕಥೆಗಾರನ ಕೈಚಳಕ ಅನ್ನಿಸುತ್ತದೆ.

ಹಾಗಾದರೆ ಟ್ರೇಲರ್ ನೋಡುವುದು ಹೇಗೆ? ನಾನು ಮೊದಲು ಹುಡುಕುವುದು ಪ್ರಾಣ, ಗುಂಡು, ನಕ್ಷೆ ತೋರಿಸುವ ಗುರುತುಗಳು ಪರದೆ ಮೇಲೆ ಇವೆಯಾ ಅಂತ. ಆಮೇಲೆ ಕ್ಯಾಮೆರಾ. ನಿಜವಾಗಿ ಆಡುವವನ ಕ್ಯಾಮೆರಾ ತಡವರಿಸುತ್ತದೆ, ಗೋಡೆಗೆ ಹಾಯುತ್ತದೆ. ಟ್ರೇಲರಿನದು ನೆಂಟರ ಮನೆಯಲ್ಲಿ ಕೂತ ಮಗುವಿನ ಹಾಗೆ ಶಿಸ್ತಾಗಿರುತ್ತದೆ. ಯಾವ ಯಂತ್ರದಲ್ಲಿ ಸೆರೆಹಿಡಿದದ್ದು ಅಂತ ಹೆಸರು ಹಾಕಿದ್ದಾರಾ, ಅದು ನಿಮ್ಮ ಹತ್ತಿರ ಇರುವ ಯಂತ್ರವಾ? ವಿಮರ್ಶೆಗಳು ಬಿಡುಗಡೆಯ ಕೊನೇ ಗಳಿಗೆವರೆಗೂ ಹೊರಬರದಂತೆ ತಡೆದಿದ್ದಾರಾ? ಸ್ಟೀಮ್‌ನಲ್ಲಿ ಕೊಂಡರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆ ಎರಡು ಗಂಟೆ ಯಾವ ಟ್ರೇಲರಿಗಿಂತಲೂ ಜಾಸ್ತಿ ಹೇಳುತ್ತದೆ.

ಇನ್ನು ಮೊಬೈಲ್ ಆಟಗಳ ಜಾಹೀರಾತು. ಅಲ್ಲಿ ಈ ನಾಜೂಕು ಯಾವುದೂ ಇಲ್ಲ. ಒಬ್ಬ ಮನುಷ್ಯ ಸಿಕ್ಕಿಹಾಕಿಕೊಂಡಿದ್ದಾನೆ, ಮೇಲೆ ಲಾವಾ, ಪಕ್ಕದಲ್ಲಿ ನೀರು, ನಡುವೆ ಕೆಲವು ಪಿನ್ನುಗಳು. ಜಾಹೀರಾತಿನಲ್ಲಿ ಆಡುವವನು ಬೇಕಂತಲೇ ತಪ್ಪು ಪಿನ್ ಎಳೆಯುತ್ತಾನೆ. ನಮ್ಮ ಬೆರಳು ತುರಿಸುತ್ತದೆ. ಇಳಿಸಿಕೊಂಡರೆ ಒಳಗಿರುವುದು ಒಂದೇ ಬಣ್ಣದ ಮೂರು ಕಾಯಿ ಜೋಡಿಸುವ ಆಟ. ಪ್ಲೇರಿಕ್ಸ್ ಕಂಪನಿಯ ‘ಹೋಮ್‌ಸ್ಕೇಪ್ಸ್’, ‘ಗಾರ್ಡನ್‌ಸ್ಕೇಪ್ಸ್’ ಜಾಹೀರಾತುಗಳ ಮೇಲೆ 2020ರಲ್ಲಿ ಎಎಸ್‌ಎ ನಿಷೇಧ ಹಾಕಿತು. ಅಂಥ ಒಗಟುಗಳೂ ಆಟದೊಳಗೆ ಅಲ್ಲಲ್ಲಿ ಇವೆ ಅಂತ ಕಂಪನಿ ವಾದಿಸಿತು. ‘ಎಲ್ಲ ಚಿತ್ರಗಳೂ ನಿಜವಾದ ಆಟದ್ದಲ್ಲ’ ಅನ್ನುವ ಸಣ್ಣ ಅಕ್ಷರದ ಸಾಲೂ ಜಾಹೀರಾತಿನಲ್ಲಿತ್ತು. ಆ ಸಾಲು ಸಾಕಾಗುವುದಿಲ್ಲ ಎಂದಿತು ಎಎಸ್‌ಎ.

ಆದರೆ ಜನರಿಗೆ ಆ ಪಿನ್ ಎಳೆಯುವ ಆಸೆ ನಿಜವಾಗಿಯೂ ಇತ್ತು. 2023ರಲ್ಲಿ ಜಪಾನಿನ ಮಂಕಿಕ್ರಾಫ್ಟ್ ಅನ್ನುವ ಸ್ಟುಡಿಯೋ ಇಂಥ ಸುಳ್ಳು ಜಾಹೀರಾತುಗಳ ಆಟಗಳನ್ನೇ ಒಂದೊಂದಾಗಿ ನಿಜಕ್ಕೂ ಕಟ್ಟಿ, ಒಟ್ಟಿಗೆ ಕಟ್ಟುಹಾಕಿ ಮಾರಿತು. ಅದರ ಉದ್ದನೆಯ ಹೆಸರನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗಿರುತ್ತದೆ: ‘ಹೌದು! ನಿಮಗೆ “ಆ ಆಟಗಳೇ” ಬೇಕಿತ್ತಲ್ವಾ? ತಗೊಳ್ಳಿ ಹಾಗಾದರೆ! ಈಗ ಗೆದ್ದು ತೋರಿಸಿ ನೋಡೋಣ!’